ಹೆಡ್ ಬೋಲ್ಟ್: ಹಳೇದನ್ನೇ ಹಾಕೋದಾ, ಹೊಸದು ತರೋದಾ, ಬಿಗಿಯೋದು ಹೇಗೆ

ಏಪ್ರಿಲ್ ಕಾಲಿಟ್ಟರೆ ಸಾಕು, ಕಲಬುರಗಿಯ ಗ್ಯಾರೇಜುಗಳಿಗೆ ಕುದ್ದ ಎಂಜಿನ್‌ಗಳು ಬರೋಕೆ ಶುರು. ಜೇವರ್ಗಿ ಕಡೆಯಿಂದ ಒಂದು, ಆಳಂದ ಕಡೆಯಿಂದ ಒಂದು, ಸೇಡಂ ರಸ್ತೆಯಲ್ಲಿ ನಿಂತುಹೋದದ್ದು ಇನ್ನೊಂದು. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ, ರೇಡಿಯೇಟರ್‌ನಲ್ಲಿ ಗುಳ್ಳೆ, ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದ ಚಹಾದಂಥ ನೊರೆ. ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಅರ್ಥ. ಎಂಜಿನ್ನಿನ ಕೆಳಭಾಗ ಬ್ಲಾಕ್, ಅದರ ಮೇಲೆ ಮುಚ್ಚಳದ ಹಾಗೆ ಕೂರುವುದು ಹೆಡ್, ಎರಡರ ನಡುವೆ ಸೋರದಂತೆ ಇಡುವ ತೆಳ್ಳಗಿನ ಹಾಳೆ ಗ್ಯಾಸ್ಕೆಟ್. ಹೆಡ್ಡನ್ನು ಬ್ಲಾಕಿಗೆ ಬಿಗಿಯುವುದು ಹೆಡ್ ಬೋಲ್ಟ್.

ಬಹಳ ಸಲ ಮೂಲ ಒಂದೇ. ಕೂಲೆಂಟ್ ಇರಬೇಕಾದ ಜಾಗದಲ್ಲಿ ಬೋರ್‌ವೆಲ್ ನೀರು. ನಮ್ಮದು ಸುಣ್ಣದಕಲ್ಲಿನ ಸೀಮೆ. ಶಹಾಬಾದ್ ಫರಸಿ ಬರುವುದೂ ಅದೇ ಕಲ್ಲಿನಿಂದ, ವಾಡಿ ಮತ್ತು ಸೇಡಂನ ಸಿಮೆಂಟು ಬರುವುದೂ ಅದರಿಂದಲೇ. ಆ ಕಲ್ಲಿನ ಸಂದಿನಿಂದ ಬಂದ ನೀರು ಗಡಸು. ಸ್ನಾನದ ನೀರು ಕಾಸುವ ಹಂಡೆಯಲ್ಲಿ ಬಿಳಿ ಪದರ ಕಟ್ಟುತ್ತದೆ, ಅಲ್ವಾ? ರೇಡಿಯೇಟರ್ ಕೊಳವೆಯಲ್ಲೂ ಅದೇ ಕಟ್ಟುತ್ತದೆ. ಮೇಲೆ 42 ಡಿಗ್ರಿ ಬಿಸಿಲು. ಎಂಜಿನ್ ಕುದಿಯದೆ ಇನ್ನೇನಾದೀತು.

ಹೆಡ್ ಬಿಚ್ಚಿದ ಮೇಲೆ ಕಾರಿನವರು ಕೇಳುವ ಮೊದಲ ಮಾತು: "ಉಸ್ತಾದ್, ಬೋಲ್ಟ್ ಹಳೇವೇ ನಡೀತಾವಲ್ರಿ?"

ನಡೆಯಬಹುದು, ನಡೆಯದೆಯೂ ಇರಬಹುದು. ಅದು ಬೋಲ್ಟಿನ ಜಾತಿಯ ಮೇಲೆ ನಿಂತಿದೆ. ಕೆಲಸ ಕಲಿತ ಹೊಸದರಲ್ಲಿ ಇದು ನನಗೆ ಗೊತ್ತಿರಲಿಲ್ಲ. ಒಂದು ಡೀಸೆಲ್ ಕಾರಿಗೆ ಹೊಸ ಗ್ಯಾಸ್ಕೆಟ್ ಹಾಕಿ, ಹಳೇ ಬೋಲ್ಟುಗಳನ್ನೇ ತೊಳೆದು ಬಿಗಿದೆ. ಕೊನೆಯ ಸುತ್ತಿನಲ್ಲಿ ಒಂದು ಬೋಲ್ಟ್ ಮೆತ್ತಗೆ ತಿರುಗಿತು. ಕೈಗೆ ತಿಳಿಯಿತು. ಆದರೂ "ಡಿಗ್ರಿ ಮುಗೀತಲ್ಲ, ಸರಿಯಿದೆ" ಅಂದುಕೊಂಡು ಮುಂದೆ ಹೋದೆ. ಮೂರೇ ವಾರದಲ್ಲಿ ಆ ಕಾರು ಯಾದಗಿರಿ ರಸ್ತೆಯಿಂದ ಟೋಚನ್ ಹಾಕಿಸಿಕೊಂಡು ವಾಪಸ್ ಬಂತು. ಅದೇ ಬೋಲ್ಟಿನ ಪಕ್ಕದಲ್ಲೇ ಗ್ಯಾಸ್ಕೆಟ್ ಸೋರಿತ್ತು. ಬೋಲ್ಟಿನ ದುಡ್ಡು ಉಳಿಸಿದ್ದಕ್ಕೆ ಹೊಸ ಗ್ಯಾಸ್ಕೆಟ್, ಕೂಲೆಂಟ್, ಆಯಿಲ್, ಎರಡು ದಿನದ ಕೂಲಿ ಎಲ್ಲಾ ಕೈಯಿಂದ ಹೋಯಿತು. ಆ ಮನೆಯವರ ಮದುವೆ ಪ್ರಯಾಣವೂ ಕೆಟ್ಟಿತು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಇಲ್ಲಿ ಹೇಳುವುದು ಬೋಲ್ಟಿನ ಕೆಲಸ ಮಾತ್ರ. ಟೈಮಿಂಗ್ ಚೈನ್ ಅಥವಾ ಬೆಲ್ಟ್, ಮ್ಯಾನಿಫೋಲ್ಡ್, ಇಂಜೆಕ್ಟರ್ ಬಿಚ್ಚುವ ರೀತಿ ಒಂದೊಂದು ಕಾರಿಗೆ ಒಂದೊಂದು.

ಬೋಲ್ಟ್ ಅಂದರೆ ಒಂದು ಸ್ಪ್ರಿಂಗ್

ಹೆಡ್ ಬೋಲ್ಟನ್ನು ಮೊಳೆಯ ಹಾಗೆ ನೋಡಬೇಡಿ. ಅದು ಗಟ್ಟಿ ಸ್ಪ್ರಿಂಗ್. ಬಿಗಿದಾಗ ಕೂದಲೆಳೆಯಷ್ಟು ಹಿಗ್ಗುತ್ತದೆ. ವಾಪಸ್ ಕುಗ್ಗಲು ಎಳೆಯುತ್ತದೆ. ಆ ಎಳೆತವೇ ಹೆಡ್ಡನ್ನು ಬ್ಲಾಕಿಗೆ ಒತ್ತಿ ಹಿಡಿಯುತ್ತದೆ. ನಡುವಿನ ಗ್ಯಾಸ್ಕೆಟ್ ಸೀಲ್ ಆಗುವುದೂ ಅದರಿಂದಲೇ.

ಎಷ್ಟು ಬಲ ಬೇಕು ಅಂತ ಒಂದು ಲೆಕ್ಕ ನೋಡಿ. 70 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ) ಇರುವ ಡೀಸೆಲ್ ಎಂಜಿನ್. ಒಳಗೆ 150 ಬಾರ್ ಒತ್ತಡ ಬಂತು ಅಂದುಕೊಳ್ಳಿ. ಆ ಒಂದೇ ಸಿಲಿಂಡರ್ ಹೆಡ್ಡನ್ನು ಮೇಲಕ್ಕೆ ತಳ್ಳುವ ಬಲ ಸುಮಾರು 5.9 ಟನ್. ಅದೂ ಒಂದು ಸಲ ಅಲ್ಲ, ಎಂಜಿನ್ ಓಡುವಷ್ಟು ಹೊತ್ತೂ ನಿಮಿಷಕ್ಕೆ ನೂರಾರು ಸಲ. ಇದನ್ನು ತಡೆಯುವುದು ಸುತ್ತಲಿನ ನಾಲ್ಕು ಬೋಲ್ಟಿನ ಎಳೆತ.

ಈಗ ಮುಖ್ಯವಾದ ಮಾತು. ಟಾರ್ಕ್ ರೆಂಚ್ ಅಂದರೆ ಇಟ್ಟಷ್ಟು ಬಲ ಬಂದಾಗ ಠಕ್ ಅನ್ನುವ ಪಾನಾ. ಅದು ತೋರಿಸುವುದು ಈ ಎಳೆತವನ್ನಲ್ಲ, ತಿರುಗಿಸಲು ಬೇಕಾದ ಬಲವನ್ನು, ಅಂದರೆ ಟಾರ್ಕನ್ನು. ನೀವು ಹಾಕುವ ಬಲದಲ್ಲಿ ಸುಮಾರು ಅರ್ಧ ಬೋಲ್ಟಿನ ತಲೆಯ ಕೆಳಗಿನ ತಿಕ್ಕಾಟಕ್ಕೆ ಹೋಗುತ್ತದೆ. ಇನ್ನು 40 ಶೇಕಡಾದಷ್ಟು ಥ್ರೆಡ್ಡಿನ (ಬೋಲ್ಟಿನ ಸುರುಳಿ ಹಲ್ಲಿನ) ತಿಕ್ಕಾಟಕ್ಕೆ. ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಹತ್ತರಲ್ಲಿ ಒಂದು ಪಾಲು ಮಾತ್ರ. ಥ್ರೆಡ್ಡಿನಲ್ಲಿ ತುಕ್ಕು ಇದ್ದರೆ ಆ ಒಂದು ಪಾಲೂ ಸಿಗುವುದಿಲ್ಲ. ರೆಂಚ್ ಮಾತ್ರ ಠಕ್ ಅಂದಿರುತ್ತದೆ, ಹೆಡ್ ಬಿಗಿಯಾಗಿರುವುದಿಲ್ಲ.

ಅದಕ್ಕೇ ಈಗಿನ ಕಾರುಗಳಲ್ಲಿ ಡಿಗ್ರಿ ಲೆಕ್ಕ ಬಂದಿದೆ. ಮೊದಲು ಸ್ವಲ್ಪ ಟಾರ್ಕ್ ಕೊಟ್ಟು ಬೋಲ್ಟನ್ನು ಕೂರಿಸುವುದು. ಆಮೇಲೆ 90 ಡಿಗ್ರಿ, ಮತ್ತೆ 90 ಡಿಗ್ರಿ ತಿರುಗಿಸುವುದು. 1.25 ಮಿ.ಮೀ. ಪಿಚ್ಚಿನ (ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ ಇರುವ ದೂರ) ಎಂ10, ಅಂದರೆ 10 ಮಿ.ಮೀ. ದಪ್ಪದ ಬೋಲ್ಟ್ ಕಾಲು ಸುತ್ತಿಗೆ 0.31 ಮಿ.ಮೀ. ಕೆಳಗಿಳಿಯುತ್ತದೆ, ಅರ್ಧ ಸುತ್ತಿಗೆ 0.62. ತಿಕ್ಕಾಟ ಎಷ್ಟೇ ಇರಲಿ, ಈ ಲೆಕ್ಕ ಬದಲಾಗದು.

ಎರಡು ಜಾತಿಯ ಬೋಲ್ಟು

ಮೊದಲನೆಯದು ಹಳೇ ಮಾದರಿ. ದಪ್ಪ ಬೋಲ್ಟ್, ಪೂರ್ತಿ ಟಾರ್ಕ್ ಲೆಕ್ಕದಲ್ಲೇ ಬಿಗಿಯುವುದು. ಇದು ಹಿಗ್ಗಿದರೂ ತನ್ನ ಮಿತಿಯೊಳಗೇ ಹಿಗ್ಗುತ್ತದೆ. ಬಿಚ್ಚಿದರೆ ಮೊದಲಿನ ಉದ್ದಕ್ಕೆ ಮರಳುತ್ತದೆ. ಕೆಡದೆ ಇದ್ದರೆ ಮತ್ತೆ ಹಾಕಬಹುದು.

ಎರಡನೆಯದು ಡಿಗ್ರಿಯಲ್ಲಿ ಬಿಗಿಯುವ ಹಿಗ್ಗುವ ಬೋಲ್ಟ್. ಅಂಗಡಿಯಲ್ಲಿ ಸ್ಟ್ರೆಚ್ ಬೋಲ್ಟ್ ಅನ್ನುತ್ತಾರೆ. ಇದನ್ನು ಉಕ್ಕಿನ ಮಿತಿಯ ಅಂಚಿಗೆ, ಹೆಚ್ಚಿನ ಸಲ ಅದನ್ನೂ ದಾಟಿ ಎಳೆಯುತ್ತಾರೆ. ಬೋಲ್ಟಿನ ತಲೆಯ ಮೇಲೆ 10.9 ಅಂತ ಬರೆದಿರುತ್ತದೆ ನೋಡಿ, ಅದು ಉಕ್ಕಿನ ಬಲದ ಗುರುತು. ಅಂಥ ಉಕ್ಕಿನಲ್ಲಿ 100 ಮಿ.ಮೀ. ಉದ್ದ ಸುಮಾರು 0.45 ಮಿ.ಮೀ. ಹಿಗ್ಗುವ ಹೊತ್ತಿಗೆ ಮಿತಿ ಬಂದಿರುತ್ತದೆ. ಅದನ್ನು ದಾಟಿದರೆ ಬಿಚ್ಚಿದ ಮೇಲೂ ಬೋಲ್ಟ್ ಪೂರ್ತಿ ಕುಗ್ಗುವುದಿಲ್ಲ. ಒಂದಿಷ್ಟು ಉದ್ದ ಶಾಶ್ವತವಾಗಿ ಉಳಿದುಬಿಡುತ್ತದೆ.

ಮತ್ತೆ ಯಾಕೆ ಹೀಗೆ ಮಾಡುತ್ತಾರೆ? ಆ ಹಂತದಲ್ಲಿ ಬೋಲ್ಟಿನ ಎಳೆತ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ನಾಲ್ಕು ಸಿಲಿಂಡರಿನ ಹೆಡ್ಡಿನಲ್ಲಿ ಸಾಮಾನ್ಯವಾಗಿ ಇರುವ ಹತ್ತು ಬೋಲ್ಟೂ ಒಂದೇ ಸಮ ಹಿಡಿಯುತ್ತವೆ. ಇನ್ನೊಂದು ಕಾರಣ ಶಾಖ. ಅಲ್ಯೂಮಿನಿಯಂ ಹೆಡ್ ಉಕ್ಕಿನ ಬೋಲ್ಟಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಹಿಗ್ಗುತ್ತದೆ. 100 ಮಿ.ಮೀ. ಎತ್ತರದ ಹೆಡ್ 30 ಡಿಗ್ರಿಯಿಂದ 90 ಡಿಗ್ರಿಗೆ ಕಾದರೆ ಸುಮಾರು 0.14 ಮಿ.ಮೀ. ಬೆಳೆಯುತ್ತದೆ. ಅಷ್ಟೇ ಉದ್ದದ ಬೋಲ್ಟ್ ಬೆಳೆಯುವುದು ಬರೀ 0.07. ದಿನಕ್ಕೆ ಎಷ್ಟು ಸಲ ಗಾಡಿ ಬಿಸಿಯಾಗಿ ತಣ್ಣಗಾಗುತ್ತದೋ ಅಷ್ಟು ಸಲ ಈ ಜಗ್ಗಾಟ. ತೆಳ್ಳಗಿನ, ಉದ್ದನೆಯ, ಹಿಗ್ಗುವ ಬೋಲ್ಟ್ ಇದನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ.

ನಿಮ್ಮದು ಯಾವುದು ಅಂತ ತಿಳಿಯಲು ಸುಲಭ ದಾರಿ ಸರ್ವಿಸ್ ಮ್ಯಾನ್ಯುಯಲ್. ಬಿಗಿಯುವ ಲೆಕ್ಕದಲ್ಲಿ ಡಿಗ್ರಿ ಇದ್ದರೆ ಹೊಸ ಬೋಲ್ಟ್ ತರಬೇಕು ಅಂತಲೇ ಮೊದಲು ಅಂದುಕೊಳ್ಳಿ. ಆದರೆ ಡಿಗ್ರಿ ಇದ್ದ ಮಾತ್ರಕ್ಕೆ ಪ್ರತಿ ಬೋಲ್ಟೂ ಒಂದೇ ಸಲಕ್ಕೆ ಮುಗಿಯಿತು ಅಂತಲೂ ಅಲ್ಲ. ಕೆಲವು ಕಂಪನಿಗಳು "ಪ್ರತಿ ಸಲ ಹೊಸದೇ" ಅನ್ನುತ್ತವೆ. ಕೆಲವು ಒಂದು ಅಳತೆ ಕೊಟ್ಟು, ಅದರೊಳಗಿದ್ದರೆ ಮತ್ತೆ ಬಳಸಿ ಅನ್ನುತ್ತವೆ. ಕಂಪನಿ ಹೊಸದು ಅಂದಿದ್ದರೆ ಅಲ್ಲಿಗೆ ಮುಗಿಯಿತು, ಅಳೆಯುವ ಮಾತೇ ಬೇಡ. ಕಲಬುರಗಿಯಲ್ಲಿ ಸಿಗದಿದ್ದರೆ ಸೊಲ್ಲಾಪುರದಿಂದಲೋ ಹೈದರಾಬಾದಿನಿಂದಲೋ ತರಿಸಿ. ಒಂದು ದಿನ ತಡವಾದರೂ ಪರವಾಗಿಲ್ಲ. ಗ್ಯಾಸ್ಕೆಟ್ ಆರ್ಡರ್ ಕೊಡುವಾಗಲೇ ಬೋಲ್ಟೂ ಸೇರಿಸಿ ಹೇಳಿಬಿಡಿ.

ಬಿಚ್ಚುವಾಗ

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಿಸಿ ಹೆಡ್ ಬಿಚ್ಚಿದರೆ ಬಾಗುತ್ತದೆ. ನಾನು ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಬಿಚ್ಚುತ್ತೇನೆ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಕೂಲೆಂಟ್ ಇಳಿಸಿ. ಬ್ಲಾಕಿನಲ್ಲಿ ಬೇರೆ ಡ್ರೇನ್ ಇದ್ದರೆ ಅದನ್ನೂ ತೆಗೆಯಿರಿ. ಇಲ್ಲದಿದ್ದರೆ ಹೆಡ್ ಎತ್ತಿದಾಗ ನೀರೆಲ್ಲ ಬೋಲ್ಟ್ ತೂತುಗಳಿಗೆ ಇಳಿಯುತ್ತದೆ.

ಬಿಚ್ಚುವ ಕ್ರಮ ಹೊರಗಿನಿಂದ ಒಳಗೆ. ನಾಲ್ಕು ಮೂಲೆಯ ಬೋಲ್ಟು ಮೊದಲು, ನಡುವಿನವು ಕೊನೆಗೆ. ಒಂದೇ ಸಲಕ್ಕೆ ಪೂರ್ತಿ ಸಡಿಲ ಮಾಡಬೇಡಿ. ಎಲ್ಲವನ್ನೂ ಕಾಲು ಸುತ್ತು, ಮತ್ತೆ ಅರ್ಧ ಸುತ್ತು, ಆಮೇಲೆ ಪೂರ್ತಿ. ಉದ್ದ ಹಿಡಿಯ ಪಾನಾದಿಂದ ಕೈಯಲ್ಲೇ ಬಿಚ್ಚಿ. ಇಂಪ್ಯಾಕ್ಟ್ ಗನ್ ಬೇಡ. ಟಾರ್ಕ್ ರೆಂಚನ್ನು ಬಿಚ್ಚಲು ಬಳಸಲೇಬೇಡಿ, ಅದರ ಲೆಕ್ಕ ಕೆಡುತ್ತದೆ. ಹೊಸ ಬೋಲ್ಟ್ ಹಾಕುವುದಾದರೂ ಬಿಚ್ಚುವಾಗ ಅವಸರ ಬೇಡ. ಇಲ್ಲಿ ಉಳಿಸುತ್ತಿರುವುದು ಹೆಡ್ಡನ್ನು.

ಒಂದು ರಟ್ಟಿನ ತುಂಡಿಗೆ ಹೆಡ್ಡಿನ ಚಿತ್ರ ಬರೆದು ತೂತು ಮಾಡಿ. ಬಿಚ್ಚಿದ ಬೋಲ್ಟನ್ನು ಅದೇ ಜಾಗಕ್ಕೆ ಚುಚ್ಚಿಡಿ. ಕೆಲವು ಎಂಜಿನ್‌ಗಳಲ್ಲಿ ಉದ್ದ ಬೇರೆ ಬೇರೆ ಇರುತ್ತದೆ. ಯಾವ ಬೋಲ್ಟಿನ ತುದಿ ತುಕ್ಕು ಹಿಡಿದಿದೆಯೋ ಆ ಜಾಗದಲ್ಲಿ ನೀರು ಇಳಿದಿದೆ ಅಂತಲೂ ಈ ರಟ್ಟೇ ಹೇಳುತ್ತದೆ. ವಾಷರ್ ಎಣಿಸಿ. ಒಂದೆರಡು ಹೆಡ್ಡಿನ ಗುಳಿಯಲ್ಲೇ ಅಂಟಿಕೊಂಡಿರುತ್ತವೆ.

ಹಳೇ ಬೋಲ್ಟನ್ನು ನೋಡುವುದು

ಮರುಬಳಕೆಗೆ ಅನುಮತಿ ಇರುವ ಬೋಲ್ಟ್ ಅಂತ ಖಾತ್ರಿಯಾದ ಮೇಲೆ ಈ ಕೆಲಸ. ಬೋಲ್ಟುಗಳನ್ನು ಡೀಸೆಲ್‌ನಲ್ಲಿ ತೊಳೆದು, ಬ್ರಷ್‌ನಿಂದ ತಿಕ್ಕಿ, ಒರೆಸಿ ಒಣಗಿಸಿ. ಬೆಳಕಿಗೆ ಹಿಡಿದು ಒಂದೊಂದನ್ನೇ ನೋಡಿ.

ಮೊದಲು ಕಣ್ಣು. ತುಕ್ಕು ತಿಂದು ಗುಂಡಿ ಬಿದ್ದಿದ್ದರೆ ಆ ಬೋಲ್ಟ್ ಬೇಡ. ಮೇಲಿನ ಕಂದು ಬಣ್ಣ ಒರೆಸಿದರೆ ಹೋಗುತ್ತದೆ, ಅದು ಪರವಾಗಿಲ್ಲ. ಉಗುರಿಗೆ ಸಿಗುವ ಗುಂಡಿ ಮಾತ್ರ ಅಪಾಯ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಥ್ರೆಡ್ ಹರಿದಿರುವುದು, ತಲೆಯ ಮೂಲೆ ಸವೆದಿರುವುದು, ತಲೆಯ ಕೆಳಭಾಗದಲ್ಲಿ ಗೀರು ಬಿದ್ದಿರುವುದು ಇವೂ ಬೇಡ.

ಆಮೇಲೆ ಸೊಂಟ. ಹಿಗ್ಗಿದ ಬೋಲ್ಟ್ ಎಲ್ಲ ಕಡೆ ಸಮವಾಗಿ ಹಿಗ್ಗುವುದಿಲ್ಲ. ಸಾಮಾನ್ಯವಾಗಿ ಥ್ರೆಡ್ ಶುರುವಾಗುವ ಜಾಗದಲ್ಲಿ ಸಣ್ಣಗಾಗುತ್ತದೆ. ಎರಡು ಜಾಗದಲ್ಲಿ ವ್ಯಾಸ ಅಳೆಯಬೇಕು. ಒಂದು, ಎಳೆತ ಬೀಳದ ತುದಿಯ ಥ್ರೆಡ್ಡಿನಲ್ಲಿ. ಇನ್ನೊಂದು, ಎಳೆತ ಜಾಸ್ತಿ ಬೀಳುವ ಥ್ರೆಡ್ಡಿನ ಮೇಲ್ಭಾಗದಲ್ಲಿ. ತಲೆಯಿಂದ ಎಷ್ಟು ದೂರದಲ್ಲಿ ಅಳೆಯಬೇಕು ಅಂತ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಎಷ್ಟೋ ಪೆಟ್ರೋಲ್ ಎಂಜಿನ್‌ಗಳಲ್ಲಿ ಈ ಎರಡು ಅಳತೆಯ ನಡುವೆ 0.1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು ಅನ್ನುತ್ತಾರೆ. ಇಷ್ಟು ಸಣ್ಣ ಅಳತೆಗೆ ಮೈಕ್ರೋಮೀಟರ್ ಒಳ್ಳೆಯದು. ವರ್ನಿಯರ್ ಆದರೆ ಒಂದೇ ಜಾಗವನ್ನು ಮೂರು ಸಲ ಅಳೆಯಿರಿ, ಮೂರೂ ಸಲ ಒಂದೇ ಬರಬೇಕು.

ಕೆಲವು ಕಂಪನಿಗಳು ಉದ್ದದ ಮಿತಿ ಕೊಡುತ್ತವೆ. ತಲೆಯ ಕೆಳಗಿನಿಂದ ತುದಿಯವರೆಗೆ ಅಳೆದು ಆ ಮಿತಿಗೆ ಹೋಲಿಸಿ. ಹತ್ತನ್ನೂ ಸಮತಟ್ಟಾದ ಗಾಜಿನ ಮೇಲೆ ತಲೆಕೆಳಗಾಗಿ ಸಾಲಾಗಿ ನಿಲ್ಲಿಸಿದರೆ ಯಾವುದು ಉದ್ದವಾಗಿದೆ ಅಂತ ಕಣ್ಣಿಗೇ ಕಾಣುತ್ತದೆ. ಇದು ಒಂದು ಸುಳಿವು ಅಷ್ಟೇ. ಹತ್ತೂ ಒಂದೇ ಸಮ ಹಿಗ್ಗಿದ್ದರೆ ಸಾಲಿನಲ್ಲಿ ಏನೂ ಕಾಣುವುದಿಲ್ಲ.

ನನಗೆ ಬಹಳ ಇಷ್ಟವಾದ ಪರೀಕ್ಷೆ ಇನ್ನೊಂದಿದೆ. ಒಂದು ಹೊಸ ಬೋಲ್ಟ್ ತಂದು, ಅದರ ಥ್ರೆಡ್ಡಿಗೆ ಹಳೇದರ ಥ್ರೆಡ್ಡನ್ನು ಹಲ್ಲಿಗೆ ಹಲ್ಲು ಕೂರುವಂತೆ ಒತ್ತಿ ಹಿಡಿಯಿರಿ. ಹಿಂದೆ ಬೆಳಕಿರಲಿ. ಒಳ್ಳೆಯ ಬೋಲ್ಟ್ ಆದರೆ ಉದ್ದಕ್ಕೂ ಹಲ್ಲು ಕಚ್ಚಿಕೊಳ್ಳುತ್ತದೆ. ಹಿಗ್ಗಿದ್ದರೆ ಒಂದು ತುದಿಯಲ್ಲಿ ಕೂತು ಇನ್ನೊಂದು ತುದಿಯಲ್ಲಿ ಬೆಳಕು ಕಾಣುತ್ತದೆ. ಕೊನೆಗೆ ಸರಿಯಾದ ಅಳತೆಯ ನಟ್ಟನ್ನು ಬರಿಗೈಯಲ್ಲಿ ಥ್ರೆಡ್ ಉದ್ದಕ್ಕೂ ಓಡಿಸಿ. ಎಲ್ಲಾದರೂ ಹಿಡಿದರೆ ಅದೂ ಬೇಡ.

ಹತ್ತರಲ್ಲಿ ಒಂದು ಕೆಟ್ಟರೆ ಒಂದನ್ನೇ ಬದಲಿಸಬಹುದಾ ಅಂತ ಕೇಳುತ್ತಾರೆ. ನಾನು ಹತ್ತನ್ನೂ ಬದಲಿಸುತ್ತೇನೆ. ಒಂದು ಹೊಸದು, ಒಂಬತ್ತು ಹಳೇದು ಸೇರಿದರೆ ಎಳೆತ ಸಮ ಇರುವುದಿಲ್ಲ. ಆ ಒಂಬತ್ತೂ ಅದೇ ಶಾಖ ತಿಂದಿರುತ್ತವೆ. ಹಿಂದೆ ಎಷ್ಟು ಸಲ ಬಿಗಿದಿದ್ದಾರೆ ಅಂತ ಗೊತ್ತಿಲ್ಲದ ಸ್ಟ್ರೆಚ್ ಬೋಲ್ಟನ್ನು, ಅಳತೆ ಸರಿ ಬಂದರೂ, ನಾನು ಮತ್ತೆ ಹಾಕುವುದಿಲ್ಲ.

ಬ್ಲಾಕಿನ ತೂತು

ಬಹಳ ಜನ ಇಲ್ಲೇ ಎಡವುತ್ತಾರೆ. ಬೋಲ್ಟಿಗೆ ಕೊಡುವ ಗಮನದ ಅರ್ಧವನ್ನೂ ತೂತಿಗೆ ಕೊಡುವುದಿಲ್ಲ. ತೂತಿನ ತಳ ಮುಚ್ಚಿದ್ದರೆ, ಒಳಗೆ ಆಯಿಲ್ ಅಥವಾ ನೀರು ನಿಂತಿದ್ದರೆ, ಬೋಲ್ಟ್ ಇಳಿದಂತೆ ಅದಕ್ಕೆ ಹೋಗಲು ದಾರಿ ಇರುವುದಿಲ್ಲ. ದ್ರವವನ್ನು ಅದುಮಲು ಆಗದು. ಬೋಲ್ಟ್ ಜ್ಯಾಕಿನಂತೆ ಕೆಲಸ ಮಾಡಿ ಬ್ಲಾಕನ್ನೇ ಒಡೆದುಬಿಡುತ್ತದೆ. ಒಡೆಯದಿದ್ದರೂ ರೆಂಚ್ ಮೊದಲೇ ಠಕ್ ಅನ್ನುತ್ತದೆ. ಬಿಗಿಯಾಯಿತು ಅಂತ ನೀವು ನಂಬುತ್ತೀರಿ, ಹೆಡ್ ಮಾತ್ರ ಸಡಿಲ.

ಸ್ಕ್ರೂ ಡ್ರೈವರ್‌ಗೆ ಬಟ್ಟೆ ಸುತ್ತಿ ಒಳಗಿನ ದ್ರವ ಹೀರಿಸಿ. ಆಮೇಲೆ ಕಂಪ್ರೆಸರ್ ಗಾಳಿಯನ್ನು ಉದ್ದ ನಳಿಕೆಯಿಂದ ತಳದವರೆಗೂ ಬಿಡಿ. ಸುತ್ತ ಬಟ್ಟೆ ಹಿಡಿಯಿರಿ, ಕನ್ನಡಕ ಹಾಕಿಕೊಳ್ಳಿ. ಹಳೇ ಕೂಲೆಂಟ್ ಕಣ್ಣಿಗೆ ಹಾರುತ್ತದೆ. ಸಿಲಿಂಡರ್‌ಗಳಿಗೂ ಆಯಿಲ್ ದಾರಿಗಳಿಗೂ ಮೊದಲೇ ಬಟ್ಟೆ ತುಂಬಿರಬೇಕು.

ಥ್ರೆಡ್ಡಿನಲ್ಲಿ ಕಸ ಇದ್ದರೆ ಥ್ರೆಡ್ ಚೇಸರ್ (ಲೋಹ ಕತ್ತರಿಸದೆ ಹಲ್ಲು ಸ್ವಚ್ಛ ಮಾಡುವ ಸಾಧನ) ಓಡಿಸಿ. ಕತ್ತರಿಸುವ ಟ್ಯಾಪ್ ಬೇಡ. ಟ್ಯಾಪ್ ಕಸದ ಜೊತೆ ಲೋಹವನ್ನೂ ಕತ್ತರಿಸುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಚೇಸರ್ ಸಿಗದಿದ್ದರೆ ಎಸೆಯಬೇಕೆಂದಿರುವ ಹಳೇ ಹೆಡ್ ಬೋಲ್ಟಿನ ಥ್ರೆಡ್ಡಿಗೆ ಉದ್ದಕ್ಕೆ ಎರಡು ಸೀಳು ಹಾಕಿ, ಅಂಚು ನಯ ಮಾಡಿ, ಅದನ್ನೇ ಕೈಯಲ್ಲಿ ಇಳಿಸಿ ತೆಗೆಯಬಹುದು. ಸೀಳಿನಲ್ಲಿ ಕಸ ತುಂಬಿಕೊಂಡು ಬರುತ್ತದೆ. ಕೊನೆಗೆ ಪ್ರತಿ ತೂತಿಗೂ ಬೋಲ್ಟನ್ನು ಬೆರಳಲ್ಲೇ ಇಳಿಸಿ ನೋಡಿ. ತಳದವರೆಗೆ ಸರಾಗ ಇಳಿಯಬೇಕು.

ಹೆಡ್ ಮತ್ತು ಬ್ಲಾಕಿನ ಮುಖ

ಕುದ್ದ ಎಂಜಿನ್ನಿನ ಹೆಡ್ ಬಾಗಿರುವ ಸಾಧ್ಯತೆ ಹೆಚ್ಚು. ಸ್ಟ್ರೇಟ್ ಎಡ್ಜ್ (ನೇರ ಅಂಚಿನ ಪಟ್ಟಿ) ಇಟ್ಟು ಅಡಿಯಲ್ಲಿ ಫೀಲರ್ ಗೇಜ್ (ಸಂದಿ ಅಳೆಯುವ ತೆಳ್ಳಗಿನ ತಗಡು) ತೂರಿಸಿ. ಉದ್ದಕ್ಕೆ ಎರಡು ಕಡೆ, ಅಡ್ಡಕ್ಕೆ ಎರಡು ಕಡೆ, ಮೂಲೆಯಿಂದ ಮೂಲೆಗೆ ಎರಡು ಸಲ. ಬ್ಲಾಕಿಗೂ ಹೀಗೇ. ಮಿತಿ ಕಾರಿನಿಂದ ಕಾರಿಗೆ ಬೇರೆ, ಬಹಳ ಕಡೆ 0.05ರಿಂದ 0.1 ಮಿ.ಮೀ. ಒಳಗಿರುತ್ತದೆ. ಜಾಸ್ತಿ ಇದ್ದರೆ ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಿ, ಅಂದರೆ ಮುಖ ಕೆರೆಸಿ ಸಮ ಮಾಡಿಸಿ. ಕೆಲವು ಡೀಸೆಲ್ ಹೆಡ್‌ಗಳಿಗೆ ಫೇಸಿಂಗ್ ಮಾಡಲೇಬಾರದು ಅಂತ ಕಂಪನಿ ಹೇಳಿರುತ್ತದೆ, ಕೇಳಿಕೊಂಡು ಹೋಗಿ.

ನಮ್ಮಲ್ಲಿ ಫರಸಿ ಮೇಲೆ ಹೆಡ್ ಇಟ್ಟು ಸಮ ಇದೆಯಾ ಅಂತ ನೋಡುವವರಿದ್ದಾರೆ. ಫರಸಿ ಮೇಲೆ ಸ್ಯಾಂಡ್ ಪೇಪರ್ ಹಾಸಿ ತಿಕ್ಕುವವರೂ ಇದ್ದಾರೆ. ಶಹಾಬಾದ್ ಫರಸಿ ಕಾಲಿಗೆ ಎಷ್ಟೇ ನಯ ಅನ್ನಿಸಲಿ, 0.05 ಮಿ.ಮೀ. ಲೆಕ್ಕಕ್ಕೆ ಅದು ಉಬ್ಬುತಗ್ಗಿನ ಹೊಲ. ಅದು ಮನೆ ನೆಲಕ್ಕೆ ಸರಿ, ಹೆಡ್ಡಿಗೆ ಅಲ್ಲ.

ಹಳೇ ಗ್ಯಾಸ್ಕೆಟ್ ಕೆರೆಯಲು ಪ್ಲಾಸ್ಟಿಕ್ ಸ್ಕ್ರೇಪರ್ ಬಳಸಿ. ಡ್ರಿಲ್ಲಿಗೆ ಹಾಕುವ ತಿಕ್ಕುವ ಡಿಸ್ಕ್ ಬೇಡ. ಅದು ಅಲ್ಯೂಮಿನಿಯಂನಲ್ಲಿ ತಗ್ಗು ಮಾಡುತ್ತದೆ. ಅದರಿಂದ ಉದುರುವ ಗಟ್ಟಿ ಪುಡಿ ಆಯಿಲ್ ದಾರಿಗೆ ಸೇರಿ ಬೇರಿಂಗ್ ತಿನ್ನುತ್ತದೆ. ಪದರು ಪದರಾದ ಸ್ಟೀಲ್ ಗ್ಯಾಸ್ಕೆಟ್ ಇದ್ದರೆ ಮುಖ ಇನ್ನೂ ನಯವಾಗಿರಬೇಕು. ಕೊನೆಗೆ ಬ್ರೇಕ್ ಕ್ಲೀನರ್‌ನಿಂದ ಒರೆಸಿ, ಎಣ್ಣೆಯ ಬೆರಳು ತಾಗಿಸಬೇಡಿ. ಮ್ಯಾನ್ಯುಯಲ್ ಹೇಳದೆ ಇದ್ದರೆ ಗ್ಯಾಸ್ಕೆಟ್‌ಗೆ ಸೀಲೆಂಟ್ ಹಚ್ಚಬೇಡಿ.

ಡೀಸೆಲ್ ಆದರೆ ಗ್ಯಾಸ್ಕೆಟ್‌ನ ದಪ್ಪ ನೋಡಿಕೊಳ್ಳಿ. ಅಂಚಿನಲ್ಲಿ ಕಚ್ಚು ಅಥವಾ ತೂತಿನ ಗುರುತು ಇರುತ್ತದೆ. ಪಿಸ್ಟನ್ ಬದಲಿಸದೆ ಇದ್ದರೆ ಹಳೇದರಲ್ಲಿ ಎಷ್ಟು ಗುರುತಿತ್ತೋ ಅಷ್ಟೇ ಇರುವುದನ್ನು ತನ್ನಿ. ಹಿಂದೆ ಯಾರಾದರೂ ತಪ್ಪು ದಪ್ಪ ಹಾಕಿರಬಹುದು ಅನ್ನಿಸಿದರೆ, ಪಿಸ್ಟನ್ ಬ್ಲಾಕಿನ ಮೇಲೆ ಎಷ್ಟು ಚಾಚಿದೆ ಅಂತ ಡಯಲ್ ಗೇಜಿನಲ್ಲಿ ಅಳೆಯಬೇಕು.

ಎಣ್ಣೆ ಹಚ್ಚುವುದಾ ಬೇಡವಾ

ಮೇಲೆ ಹೇಳಿದ ತಿಕ್ಕಾಟದ ಲೆಕ್ಕ ನೆನಪಿಡಿ. ಕಂಪನಿ ಎಣ್ಣೆ ಹಚ್ಚಿದ ಬೋಲ್ಟಿಗೆ ಟಾರ್ಕ್ ಕೊಟ್ಟಿದ್ದರೆ, ನೀವು ಒಣ ಬೋಲ್ಟ್ ಹಾಕಿದರೆ ಹಿಡಿತ ಕಡಿಮೆ. ಒಣ ಬೋಲ್ಟಿಗೆ ಕೊಟ್ಟಿದ್ದರೆ, ನೀವು ಎಣ್ಣೆ ಹಚ್ಚಿದರೆ ಅತಿಯಾಗಿ ಬಿಗಿಯುತ್ತದೆ. ಹೆಚ್ಚಿನ ಎಂಜಿನ್‌ಗಳಲ್ಲಿ ಥ್ರೆಡ್ಡಿಗೂ ತಲೆಯ ಕೆಳಗೂ ಎಂಜಿನ್ ಆಯಿಲ್ ತೆಳ್ಳಗೆ ಹಚ್ಚಿ ಅಂತ ಇರುತ್ತದೆ. ಆಯಿಲ್‌ನಲ್ಲಿ ಅದ್ದಿ, ಬಟ್ಟೆಯ ಮೇಲೆ ತಲೆಕೆಳಗೆ ನಿಲ್ಲಿಸಿ ಸೋರಲು ಬಿಡಿ. ಮುಗಿಯಿತು. ತೂತಿನ ಒಳಗೆ ಆಯಿಲ್ ಸುರಿಯಬೇಡಿ. ಕೆಲವು ಹೊಸ ಬೋಲ್ಟುಗಳು ಲೇಪನದ ಜೊತೆಗೇ ಬರುತ್ತವೆ, ಅವಕ್ಕೆ ಏನೂ ಬೇಡ. ಗ್ರೀಸ್ ಯಾವತ್ತೂ ಬೇಡ. ಬೋಲ್ಟ್ ತೂತು ನೀರಿನ ಕೋಣೆಗೆ ತೆರೆದಿದ್ದರೆ ಮಾತ್ರ ಥ್ರೆಡ್ ಸೀಲೆಂಟ್.

ಬಿಗಿಯುವುದು

ಬೆಳಿಗ್ಗೆ ಬೇಗ, ನೆರಳಿನಲ್ಲಿ ಮಾಡಿ. ಮೇ ತಿಂಗಳ ಮಧ್ಯಾಹ್ನ ಹೊರಗಿಟ್ಟ ಹೆಡ್ ಕೈಯಲ್ಲಿ ಹಿಡಿಯಲು ಆಗದಷ್ಟು ಕಾಯುತ್ತದೆ. ಹೆಡ್, ಬ್ಲಾಕ್, ಬೋಲ್ಟ್ ಮೂರೂ ಒಂದೇ ಬಿಸಿಯಲ್ಲಿರಬೇಕು. ಮಧ್ಯಾಹ್ನದ ಗಾಳಿಗೆ ದೂಳೂ ಜಾಸ್ತಿ. ಗ್ಯಾಸ್ಕೆಟ್ ಮೇಲೆ ಒಂದು ಕಣ ಮರಳು ಕೂತರೂ ಸೋರಿಕೆಗೆ ಸಾಕು.

ರೆಂಚಿನ ಬಗ್ಗೆ ಎರಡು ಮಾತು. ಅರ್ಧ ಇಂಚಿನ ದೊಡ್ಡ ಟಾರ್ಕ್ ರೆಂಚ್ 20 ನ್ಯೂಟನ್ ಮೀಟರಿಗೆ ಸರಿಯಾಗಿ ಲೆಕ್ಕ ಕೊಡುವುದಿಲ್ಲ. ಮೊದಲ ಹಂತಕ್ಕೆ ಸಣ್ಣ ರೆಂಚ್ ಇಟ್ಟುಕೊಳ್ಳಿ. ಅಳತೆಯ ಮಾನ ಗಮನಿಸಿ. 1 ಕೆಜಿ-ಮೀಟರ್ ಅಂದರೆ 9.8 ನ್ಯೂಟನ್ ಮೀಟರ್. 1 ಫುಟ್-ಪೌಂಡ್ ಅಂದರೆ 1.36. 60 ನ್ಯೂಟನ್ ಮೀಟರ್ ಬೇಕಿದ್ದಾಗ ರೆಂಚಿನ ಇನ್ನೊಂದು ಸಾಲು ನೋಡಿ 60 ಪೌಂಡಿಗೆ ಇಟ್ಟರೆ 81 ಆಗುತ್ತದೆ. ಬೋಲ್ಟ್ ಹೋಯಿತು ಅಂತಲೇ.

1. ಡೋವೆಲ್ ಪಿನ್ನುಗಳು (ಹೆಡ್ಡನ್ನು ಸರಿಯಾದ ಜಾಗಕ್ಕೆ ಕೂರಿಸುವ ಪಿನ್ನು) ಜಾಗದಲ್ಲಿವೆಯಾ ನೋಡಿ. ಕ್ಯಾಮ್ ಹೆಡ್ಡಿನಲ್ಲೇ ಇದ್ದರೆ ಪಿಸ್ಟನ್‌ಗಳನ್ನು ಅರ್ಧ ಎತ್ತರಕ್ಕೆ ಇಳಿಸಿ, ಇಲ್ಲವಾದರೆ ತೆರೆದ ವಾಲ್ವ್ ಬಡಿಯುತ್ತದೆ. ಗ್ಯಾಸ್ಕೆಟ್ ಇಟ್ಟು ಎಲ್ಲ ತೂತೂ ಸಾಲಿಗೆ ಬಂದಿದೆಯಾ ಪರೀಕ್ಷಿಸಿ. ಹೆಡ್ಡನ್ನು ಇಬ್ಬರು ಹಿಡಿದು ನೇರವಾಗಿ ಇಳಿಸಿ. ಇಟ್ಟ ಮೇಲೆ ಗ್ಯಾಸ್ಕೆಟ್ ಮೇಲೆ ಎಳೆದಾಡಬೇಡಿ.

2. ಬೋಲ್ಟುಗಳನ್ನು ವಾಷರ್ ಸಮೇತ ಬೆರಳಿನಿಂದ ಇಳಿಸಿ. ವಾಷರಿನ ಅಂಚು ಒಂದು ಕಡೆ ಓರೆಯಾಗಿದ್ದರೆ ಆ ಬದಿ ಬೋಲ್ಟಿನ ತಲೆಯ ಕಡೆಗೆ ಇರಬೇಕು.

3. ಕ್ರಮ ನಡುವಿನಿಂದ ಹೊರಗೆ, ಸುರುಳಿಯ ಹಾಗೆ. ರೊಟ್ಟಿ ತಟ್ಟುವಾಗ ನಡುವಿನಿಂದ ಅಂಚಿಗೆ ಹೋಗುತ್ತೇವಲ್ಲ, ಹಾಗೆ. ನಡುವೆ ಉಬ್ಬು ಉಳಿಯಬಾರದು. ಕಂಪನಿಯ ನಂಬರ್ ಚಿತ್ರವನ್ನು ಒಂದು ಹಾಳೆಯಲ್ಲಿ ಬರೆದು ಬಾನೆಟ್ಟಿಗೆ ಅಂಟಿಸಿ.

4. ಟಾರ್ಕ್ ಹಂತಗಳು. ಒಂದು ಉದಾಹರಣೆ: ಎಲ್ಲ ಬೋಲ್ಟಿಗೂ ಕ್ರಮವಾಗಿ 20 ನ್ಯೂಟನ್ ಮೀಟರ್, ಮತ್ತೆ ಎಲ್ಲಕ್ಕೂ 40, ಆಮೇಲೆ ಎಲ್ಲಕ್ಕೂ 90 ಡಿಗ್ರಿ, ಮತ್ತೆ 90 ಡಿಗ್ರಿ. ಇದು ರೀತಿ ತಿಳಿಯಲು ಮಾತ್ರ, ನಿಮ್ಮ ಕಾರಿನ ಅಂಕಿ ಮ್ಯಾನ್ಯುಯಲ್‌ನದ್ದೇ ಇರಬೇಕು. ಕೆಲವು ಎಂಜಿನ್‌ಗಳಲ್ಲಿ ನಡುವೆ ಒಮ್ಮೆ ಪೂರ್ತಿ ಸಡಿಲ ಮಾಡಿ ಮತ್ತೆ ಶುರು ಮಾಡಿ ಅಂತಲೂ ಇರುತ್ತದೆ. ಆ ಸಾಲನ್ನು ಬಿಡಬೇಡಿ.

5. ರೆಂಚನ್ನು ಹಿಡಿಯ ನಡುವೆ ಹಿಡಿದು ನಿಧಾನ, ಒಂದೇ ಸಮ ಎಳೆಯಿರಿ. ಝಟಕಾ ಕೊಡಬೇಡಿ. ಠಕ್ ಅಂದರೆ ನಿಲ್ಲಿಸಿ. ಎರಡನೇ ಸಲ "ಖಾತ್ರಿಗೆ" ಅಂತ ಠಕ್ ಅನ್ನಿಸಿದರೆ ಇನ್ನಷ್ಟು ಬಿಗಿಯುತ್ತದೆ.

6. ಡಿಗ್ರಿ ಹಂತಕ್ಕೆ ಆ್ಯಂಗಲ್ ಗೇಜ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಎಲ್ಲ ಬೋಲ್ಟಿನ ತಲೆಗೂ ಒಂದೇ ದಿಕ್ಕಿಗೆ ಬಿಳಿ ಪೇಂಟಿನ ಗೆರೆ ಎಳೆಯಿರಿ. ಎಲ್ಲ ಗೆರೆ ರೇಡಿಯೇಟರ್ ಕಡೆ ಇದ್ದರೆ, 90 ಡಿಗ್ರಿ ಆದ ಮೇಲೆ ಎಲ್ಲವೂ ಒಂದೇ ಪಕ್ಕಕ್ಕೆ ತಿರುಗಿರಬೇಕು. ಒಂದನ್ನು ಬಿಟ್ಟಿದ್ದರೆ ತಕ್ಷಣ ಕಾಣುತ್ತದೆ. ಆರು ಮೂಲೆಯ ತಲೆಯಲ್ಲಿ ಮೂಲೆಯಿಂದ ಮೂಲೆಗೆ 60 ಡಿಗ್ರಿ, 90 ಅಂದರೆ ಒಂದೂವರೆ ಮೂಲೆ. ಸಾಧ್ಯವಾದರೆ ಒಂದೇ ಎಳೆತದಲ್ಲಿ ಮುಗಿಸಿ.

ಈ ಕೊನೆಯ ಹಂತದಲ್ಲಿ ಕೈ ಏನು ಹೇಳುತ್ತದೆ ಅಂತ ಕೇಳಿ. ಸ್ಟ್ರೆಚ್ ಬೋಲ್ಟ್ ಮೊದಲು ಬಿಗಿಯಾಗುತ್ತಾ ಹೋಗುತ್ತದೆ, ಆಮೇಲೆ ಒಂದೇ ಸಮ ಭಾರವಾಗಿ ತಿರುಗುತ್ತದೆ. ಅದು ಸಹಜ. ಆದರೆ ತಿರುಗಿಸುತ್ತಿದ್ದಂತೆ ಭಾರ ಕಡಿಮೆಯಾದರೆ, ಬೆಣ್ಣೆಯಲ್ಲಿ ತಿರುಗಿದ ಹಾಗಾದರೆ, ನಿಲ್ಲಿಸಿ. ಒಂದೋ ಬೋಲ್ಟಿನ ಸೊಂಟ ಕರಗುತ್ತಿದೆ, ಇಲ್ಲವೇ ಬ್ಲಾಕಿನ ಥ್ರೆಡ್ ಕಿತ್ತು ಬರುತ್ತಿದೆ. ನನಗೆ ಅವತ್ತು ಕೈಗೆ ತಿಳಿದದ್ದು ಇದೇ. ಹತ್ತನ್ನೂ ಕ್ರಮವಾಗಿ ಸಡಿಲ ಮಾಡಿ ಆ ಬೋಲ್ಟ್ ತೆಗೆದು ನೋಡಬೇಕು. ಬ್ಲಾಕಿನ ಥ್ರೆಡ್ ಹೋಗಿದ್ದರೆ ಹೆಲಿಕಾಯಿಲ್ (ತೂತಿಗೆ ಹೊಸ ಥ್ರೆಡ್ ಕೊಡುವ ತಂತಿ ಸುರುಳಿ) ಹಾಕಿಸಿ. ಒಮ್ಮೆ ಪೂರ್ತಿ ಅದುಮಿಸಿಕೊಂಡ ಗ್ಯಾಸ್ಕೆಟ್ ಮತ್ತೆ ಬಳಸುವಂತಿಲ್ಲ, ಅದೂ ಹೊಸದೇ ಬೇಕು. ಇನ್ನೊಂದು ಕಡೆ, ಟಾರ್ಕ್ ಲೆಕ್ಕದ ಹಳೇ ಮಾದರಿ ಬೋಲ್ಟ್ ಭಾರ ಏರದೆ ಸುಮ್ನೆ ತಿರುಗುತ್ತಿದ್ದರೆ ಅದೂ ಕೆಟ್ಟಿದೆ. ಆ ಜಾತಿಯಲ್ಲಿ ಇದು ಸಹಜ ಅಲ್ಲ.

ಕೆಲಸದ ನಡುವೆ ಫೋನ್ ಎತ್ತಬೇಡಿ. ಯಾವ ಬೋಲ್ಟಿಗೆ ಎರಡನೇ 90 ಆಯಿತು ಅಂತ ಮರೆತರೆ ಗೆರೆ ನೋಡಿ ಹೇಳಬಹುದು. ಗೆರೆಯೂ ಇಲ್ಲದಿದ್ದರೆ ಹೇಳಲು ದಾರಿಯೇ ಇಲ್ಲ.

ಸ್ಟಾರ್ಟ್ ಮಾಡಿದ ಮೇಲೆ

ಆಯಿಲ್‌ಗೆ ನೀರು ಸೇರಿದ್ದರೆ ಸ್ಟಾರ್ಟ್ ಮಾಡುವ ಮೊದಲೇ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಕೆಲವು ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ ಹಾಕಿ. ಬೋರ್‌ವೆಲ್ ನೀರು ಒಂದು ಲೋಟವೂ ಬೇಡ. ಹೀಟರ್ ಬಿಸಿಗೆ ಇಟ್ಟು ಗಾಳಿ ಹೊರಹೋಗುವವರೆಗೆ ಓಡಿಸಿ. ಫ್ಯಾನ್ ಎರಡು ಸಲ ಶುರುವಾಗಿ ನಿಲ್ಲಬೇಕು. ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ ಮಟ್ಟ ನೋಡಿ. ಒಂದಿಷ್ಟು ಇಳಿದಿದ್ದರೆ ಗಾಳಿ ಹೋದದ್ದು, ತುಂಬಿಸಿ. ಮೂರು ದಿನವೂ ಇಳಿಯುತ್ತಿದ್ದರೆ ಸೋರುತ್ತಿದೆ.

ಮತ್ತೆ ಬಿಗಿಯಬೇಕಾ ಅನ್ನುವ ಪ್ರಶ್ನೆ. ಹಳೇ ಕಾರುಗಳ ಕಾಂಪೋಸಿಟ್ ಗ್ಯಾಸ್ಕೆಟ್ ಬಿಸಿ ತಿಂದು ಸ್ವಲ್ಪ ಕುಗ್ಗುತ್ತದೆ. ಅವಕ್ಕೆ ಕಂಪನಿ ಹೇಳಿದ್ದರೆ ಎಂಜಿನ್ ತಣ್ಣಗಾದ ಮೇಲೆ ಅದೇ ಕ್ರಮದಲ್ಲಿ ಒಂದೊಂದೇ ಬೋಲ್ಟಿಗೆ ಮತ್ತೆ ಟಾರ್ಕ್ ಕೊಡಬೇಕು. ಡಿಗ್ರಿಯಲ್ಲಿ ಬಿಗಿದ ಸ್ಟ್ರೆಚ್ ಬೋಲ್ಟಿಗೆ ಮಾತ್ರ, ಮ್ಯಾನ್ಯುಯಲ್ ಹೇಳದೆ, ಮತ್ತೆ ಪಾನಾ ಹಾಕಬೇಡಿ. ಅದು ಈಗಾಗಲೇ ಅಂಚಿನಲ್ಲಿದೆ.

ಕೊನೆಗೆ ಕಾರಿನ ಸರ್ವಿಸ್ ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ: ಯಾವ ದಿನ, ಎಷ್ಟು ಕಿ.ಮೀ., ಬೋಲ್ಟ್ ಹೊಸದೋ ಹಳೇದೋ. ಮರುಬಳಕೆ ಮಾಡಿದ ಬೋಲ್ಟಿನ ತಲೆಗೆ ಪಂಚ್‌ನಿಂದ ಒಂದು ಚುಕ್ಕಿ ಇಡಿ, ಲಾರಿ ಎಂಜಿನ್ ಕೆಲಸದಲ್ಲಿ ಈ ರೂಢಿ ಇದೆ. ಐದು ವರ್ಷದ ಮೇಲೆ ಬೀದರಿನಲ್ಲೋ ಹುಮನಾಬಾದಿನಲ್ಲೋ ಆ ಹೆಡ್ ಬಿಚ್ಚುವ ಉಸ್ತಾದನಿಗೆ ಆ ಬೋಲ್ಟ್ ಎಷ್ಟು ಸಲ ಬಿಗಿಸಿಕೊಂಡಿದೆ ಅಂತ ತಿಳಿಯಲು ಬೇರೆ ದಾರಿ ಇರುವುದಿಲ್ಲ.